ಆರು ಲಕ್ಷದೊಳಗೆ ಹಗುರ ಸ್ಪೋರ್ಟ್ಸ್ ಕಾರು, ಬೆಳಗಾವಿಯಲ್ಲಿ: ರಸ್ತೆಗೂ ಬೇಕು, ಟ್ರ್ಯಾಕಿಗೂ ಬೇಕು

ತಿಲಕವಾಡಿ ತಮ್ಮ (ಬೆಳಗಾವಿ)

ಎಲ್ಲರಿಗೂ ನಮಸ್ಕಾರ. ಸೆಕೆಂಡ್ ಹ್ಯಾಂಡ್ ಕಾರು ಹುಡುಕುತ್ತಿದ್ದೇನೆ. ಬಜೆಟ್ ಆರು ಲಕ್ಷ, ಎಲ್ಲಾ ಖರ್ಚು ಸೇರಿ. ವಾರದ ದಿನಗಳಲ್ಲಿ ತಿಲಕವಾಡಿಯಿಂದ ಮಚ್ಛೆಗೆ ಕೆಲಸಕ್ಕೆ ಹೋಗಿ ಬರಬೇಕು. ಆಗಾಗ ಗೋವಾ ಕಡೆ ಹೋಗುವುದಿದೆ. ವರ್ಷದಲ್ಲಿ ಕೆಲವು ಸಲ ಟ್ರ್ಯಾಕ್ ಡೇ, ಅಂದರೆ ರೇಸ್ ಟ್ರ್ಯಾಕಿನಲ್ಲಿ ಸ್ವಂತ ಕಾರು ಓಡಿಸುವ ದಿನ, ಮಾಡುವ ಆಸೆ. ಪುಣೆ ಪಕ್ಕದ ನಾನೋಲಿ, ಕೊಯಮತ್ತೂರಿನ ಕರಿ ಸ್ಪೀಡ್‌ವೇ, ಎಲ್ಲಿ ಜಾಗ ಸಿಗುತ್ತದೋ ಅಲ್ಲಿ. ಅದೇ ಕಾರಿನಲ್ಲಿ ಹೋಗಬೇಕು, ಅದನ್ನೇ ಓಡಿಸಬೇಕು, ಅದರಲ್ಲೇ ಮನೆಗೆ ಬರಬೇಕು. ಟ್ರೈಲರ್ ಇಲ್ಲ, ಮನೆಯಲ್ಲಿ ಎರಡನೇ ಕಾರೂ ಇಲ್ಲ.

ನನ್ನ ಪಟ್ಟಿಯಲ್ಲಿ ಇರುವುದು ಫಿಯಟ್ ಪುಂಟೊ ಅಬಾರ್ಥ್, ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ, ಮಾರುತಿ ಬಲೆನೊ ಆರ್‌ಎಸ್ ಮತ್ತೆ ಸ್ವಿಫ್ಟ್ ಪೆಟ್ರೋಲ್. ಮನಸ್ಸು ಅಬಾರ್ಥ್ ಮೇಲೆ ಜಾಸ್ತಿ ಇದೆ, ಎಂಜಿನ್ ಶಕ್ತಿ 145 ಪಿಎಸ್ ಅಲ್ವಾ. ಇನ್ನೊಂದು ಪ್ರಶ್ನೆ. ಮಾಜ್ದಾ ಎಂಎಕ್ಸ್-5 ಹಳೇದು ಹೊರದೇಶದಿಂದ ತರಿಸಿಕೊಳ್ಳಲು ದಾರಿ ಇದೆಯಾ?

ಘಾಟ್ ದಾರಿ (ಖಾನಾಪುರ)

ಎಂಎಕ್ಸ್-5 ವಿಷಯ ಮೊದಲು ಮುಗಿಸಿಬಿಡೋಣ. 1989ರಿಂದ ಆ ಕಾರು ತಯಾರಾಗುತ್ತಿದೆ. ಹಗುರ, ಎರಡೇ ಸೀಟು, ಎಂಜಿನ್ ಮುಂದೆ, ಎಳೆತ ಹಿಂದಿನ ಚಕ್ರಕ್ಕೆ. ಹೊರದೇಶದಲ್ಲಿ ಕಡಿಮೆ ದುಡ್ಡಿಗೆ ಟ್ರ್ಯಾಕ್ ಕಲಿಯುವವರು ಮೊದಲು ಹುಡುಕುವುದೇ ಅದನ್ನು. 1996ರ ಲೋಟಸ್ ಎಲೀಸ್ ಇನ್ನೂ ಹಗುರ, 725 ಕಿಲೋ ಆಸುಪಾಸು. ಆದರೆ ನಮ್ಮಲ್ಲಿ ಮಾಜ್ದಾ ಕಂಪನಿ ಈ ಕಾರನ್ನು ಮಾರಿಯೇ ಇಲ್ಲ. ಬಳಸಿದ ಕಾರು ತರಿಸಬೇಕೆಂದರೆ ಅದು ಮೂರು ವರ್ಷಕ್ಕಿಂತ ಹಳೇದಿರಬಾರದು, ಸ್ಟೀರಿಂಗ್ ಬಲಗಡೆ ಇರಬೇಕು. ಸುಂಕ ಕಾರಿನ ಬೆಲೆಯನ್ನೇ ಮೀರಿಸುತ್ತದೆ. ಆರು ಲಕ್ಷದಲ್ಲಿ ಆಗುವ ಮಾತಲ್ಲ.

ಹಾಗಾಗಿ ನಮಗೆ ಉಳಿಯುವುದು ಹ್ಯಾಚ್‌ಬ್ಯಾಕ್. ಅದರಲ್ಲಿ ಬೇಸರಪಡುವಂಥದ್ದೇನೂ ಇಲ್ಲ. ಹಗುರವಾದ ಮುಂದಿನ ಚಕ್ರದ ಕಾರನ್ನು ಸರಿಯಾಗಿ ಓಡಿಸುವುದು ದೊಡ್ಡ ಕಲೆ. ತಿರುವಿನೊಳಗೆ ಬ್ರೇಕನ್ನು ನಿಧಾನವಾಗಿ ಬಿಡುತ್ತಾ ಹೋದಾಗ ಮೂತಿ ಒಳಕ್ಕೆ ತಿರುಗುವುದು ಕೈಗೆ ಗೊತ್ತಾಗುತ್ತದೆ. ಆ ಖುಷಿಗೆ 145 ಪಿಎಸ್ ಬೇಕಿಲ್ಲ.

ಅಬಾರ್ಥ್ ಬಗ್ಗೆ ನನಗೂ ಪ್ರೀತಿ ಇದೆ. 2015ರಲ್ಲಿ ಬಂತು, ಪುಣೆ ಹತ್ತಿರದ ರಂಜನಗಾಂವ್ ಕಾರ್ಖಾನೆಯ ಮಾಲು. 1.4 ಲೀಟರ್ ಟಿ-ಜೆಟ್, 212 ಎನ್‌ಎಂ ಟಾರ್ಕ್ (ತಿರುಗಿಸುವ ಬಲ), ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್. ಹೈಡ್ರಾಲಿಕ್ ಸ್ಟೀರಿಂಗ್, ರಸ್ತೆಯ ಸುದ್ದಿ ನೇರವಾಗಿ ಅಂಗೈಗೆ ಬರುತ್ತದೆ. ಆದರೆ ಫಿಯಟ್ ಇಲ್ಲಿ ಕಾರು ಮಾರುವುದನ್ನು 2019ರಲ್ಲಿ ನಿಲ್ಲಿಸಿತು. ಅಬಾರ್ಥ್‌ಗೇ ಸೇರಿದ ಬಿಡಿಭಾಗ ಬೇಕಾದರೆ ಕಾಯಬೇಕು. ನಿಮ್ಮ ಹತ್ತಿರ ಎರಡನೇ ಕಾರು ಇಲ್ಲ ಅಂದಿರಿ. ಕಾರು ಗ್ಯಾರೇಜಿನಲ್ಲಿ ನಿಂತಿರುವಾಗ ಮಚ್ಛೆಗೆ ಹೇಗೆ ಹೋಗುತ್ತೀರಿ?

ಫೌಂಡ್ರಿ ಕಾಕಾ (ಉದ್ಯಮಬಾಗ, ಬೆಳಗಾವಿ)

ತಮ್ಮಾ, ಪಿಎಸ್ ನೋಡುವ ಮೊದಲು ತೂಕ ನೋಡು. ನಾನು ಎರಕದ ಕೆಲಸದವನು, ಕಬ್ಬಿಣ ಬಿಸಿಯಾದರೆ ಏನಾಗುತ್ತದೆ ಅನ್ನುವುದು ದಿನಾ ಕಣ್ಣೆದುರು ಇರುತ್ತದೆ. ಸಾಮಾನ್ಯ ರಸ್ತೆ ಕಾರನ್ನು ಟ್ರ್ಯಾಕಿಗೆ ಇಳಿಸಿದರೆ ಎಲ್ಲಕ್ಕಿಂತ ಮೊದಲು ಕೈಕೊಡುವುದು ಬ್ರೇಕು.

ಲೆಕ್ಕ ಹಾಕಿ ನೋಡು. 950 ಕಿಲೋ ಕಾರು ಗಂಟೆಗೆ 120 ಕಿಲೋಮೀಟರ್‌ನಲ್ಲಿದೆ. ಅದನ್ನು ಪೂರ್ತಿ ನಿಲ್ಲಿಸಿದರೆ ಸುಮಾರು 528 ಕಿಲೋಜೂಲ್ ಶಕ್ತಿ ಶಾಖವಾಗಿ ಹೋಗಬೇಕು, ಅದರಲ್ಲಿ ಹೆಚ್ಚಿನ ಪಾಲು ಮುಂದಿನ ಡಿಸ್ಕುಗಳಿಗೆ. 1,200 ಕಿಲೋ ಕಾರಿಗೆ ಅದೇ ಲೆಕ್ಕ 667 ಕಿಲೋಜೂಲ್. ಪ್ರತಿ ತಿರುವಿಗೂ ಕಾಲು ಭಾಗ ಜಾಸ್ತಿ ಶಾಖ. ರಸ್ತೆಯಲ್ಲಿ ಎರಡು ಬ್ರೇಕುಗಳ ನಡುವೆ ಡಿಸ್ಕ್ ತಣ್ಣಗಾಗಲು ಟೈಮ್ ಸಿಗುತ್ತದೆ. ಕರಿ ಸ್ಪೀಡ್‌ವೇ ಒಂದು ಸುತ್ತು 2.1 ಕಿಲೋಮೀಟರ್ ಮಾತ್ರ. ಒಂದು ತಿರುವಿನ ಶಾಖ ಆರುವುದರೊಳಗೆ ಇನ್ನೊಂದು ತಿರುವು ಬರುತ್ತದೆ.

ಆಮೇಲೆ ಬ್ರೇಕ್ ಆಯಿಲ್. ಹೊಸ ಡಾಟ್ 4 ದರ್ಜೆಯ ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಅನ್ನುವುದು ನಿಯಮ. ಅದು ಗಾಳಿಯಿಂದ ನೀರು ಹೀರುತ್ತದೆ. ನೀರು ಹೀರಿದ ಆಯಿಲ್‌ಗೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ನಮ್ಮ ಬೆಳಗಾವಿ ಮಳೆಗಾಲ ನಿನಗೆ ಗೊತ್ತೇ ಇದೆ, ಜೂನ್‌ನಿಂದ ಗೋಡೆಯೇ ಒದ್ದೆ. ಎರಡು ಮೂರು ವರ್ಷದ ಹಳೇ ಆಯಿಲ್ ಹಾಕಿಕೊಂಡು ಟ್ರ್ಯಾಕಿಗೆ ಹೋದರೆ ಪೈಪಿನೊಳಗೆ ಗುಳ್ಳೆ ಏಳುತ್ತದೆ, ಪೆಡಲ್ ನೆಲಕ್ಕೆ ಹೋಗುತ್ತದೆ. ಅದಕ್ಕೇ ಹೇಳುವುದು, ಯಾವ ಕಾರು ತಗೊಂಡರೂ ಮೊದಲ ಖರ್ಚು ಹೊಸ ಆಯಿಲ್ ಮತ್ತು ಒಳ್ಳೆ ಪ್ಯಾಡ್. ಆರು ಲಕ್ಷ ಇದ್ದರೆ ಕಾರಿಗೆ ಐದು ಇಡು. ಉಳಿದದ್ದು ಬ್ರೇಕು, ಟೈರು, ಕಾಗದಪತ್ರಕ್ಕೆ.

ನನ್ನ ಓಟು 2018ರಿಂದ 2020ರವರೆಗೆ ಬಂದ ಸ್ವಿಫ್ಟ್ ಪೆಟ್ರೋಲಿಗೆ. 83 ಪಿಎಸ್ ಅಷ್ಟೇ, ಆದರೆ ತೂಕ 900 ಕಿಲೋಗಿಂತ ಕಡಿಮೆ. ಎರಡು ಏರ್‌ಬ್ಯಾಗ್, ಎಬಿಎಸ್ (ಜೋರಾಗಿ ಬ್ರೇಕ್ ಹಿಡಿದರೂ ಚಕ್ರ ಜಾಮ್ ಆಗದ ವ್ಯವಸ್ಥೆ) ಎಲ್ಲಾ ಮಾಡೆಲ್‌ಗೂ ಇದೆ. ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ ಇಲ್ಲ, ಹಾಗಾಗಿ ಬಿಸಿಲಲ್ಲಿ ನಾಲ್ಕನೇ ಸುತ್ತಿಗೆ ಉಸಿರು ಕಟ್ಟುವ ಪ್ರಶ್ನೆಯೂ ಇಲ್ಲ.

ಹಳೇ ಎಸ್ಟೀಮ್ (ಗೋಕಾಕ)

ಕಾಕಾ ತೂಕದ ಮಾತು ತೆಗೆದಿದ್ದು ಬಹಳ ಚಲೋ ಆಯಿತು. ಹಗುರ ಅಂದರೆ ನನ್ನ ಕಣ್ಣಿಗೆ ಬರುವುದು ಮಾರುತಿ ಎಸ್ಟೀಮ್. 1.3 ಲೀಟರ್ ಜಿ13 ಎಂಜಿನ್, ಜಿಪ್ಸಿಯಲ್ಲಿ ಇರುವ ಕುಟುಂಬವೇ. 2005ರಲ್ಲಿ ಬಂದ ಮೊದಲ ಸ್ವಿಫ್ಟ್‌ನಲ್ಲೂ ಅದೇ. ನಮ್ಮ ದೇಶದ ರ‍್ಯಾಲಿಗಳಲ್ಲಿ ಈ ಎಂಜಿನ್ ಎಷ್ಟು ವರ್ಷ ದುಡಿದಿದೆ! ಯಾವ ಊರಿನ ಮೇಸ್ತ್ರಿಯಾದರೂ ಕಣ್ಣು ಮುಚ್ಚಿ ಬಿಚ್ಚುತ್ತಾನೆ. ಬೆಲೆಯೂ ಕಡಿಮೆ. ಉಳಿದ ದುಡ್ಡಲ್ಲಿ ಸಸ್ಪೆನ್ಷನ್ ಪೂರ್ತಿ ಹೊಸದು ಮಾಡಬಹುದು.

ಫೌಂಡ್ರಿ ಕಾಕಾ

ಗೋಕಾಕದ ಅಣ್ಣಾರ, ನಿಮ್ಮ ಪ್ರೀತಿ ನನಗೆ ಅರ್ಥವಾಗುತ್ತದೆ. ಆ ಎಂಜಿನ್ ಚಿನ್ನ. ಆದರೆ ಈ ಹುಡುಗ ದಿನಾ ಹೈವೇ ಮೇಲೆ ಲಾರಿಗಳ ನಡುವೆ ಹೋಗುವವನು. ಏರ್‌ಬ್ಯಾಗ್ ಇಲ್ಲದ, ಎಬಿಎಸ್ ಇಲ್ಲದ, ತಳ ತುಕ್ಕು ತಿಂದಿರಬಹುದಾದ ಕಾರನ್ನು ನಾನು ಅವನಿಗೆ ಹೇಳಲಾರೆ. 15 ವರ್ಷ ದಾಟಿದ ಕಾರಿಗೆ ಫಿಟ್‌ನೆಸ್ ಮಾಡಿಸಿ ಆರ್‌ಸಿ ನವೀಕರಿಸಬೇಕು, ಅದೂ ಐದೈದು ವರ್ಷಕ್ಕೆ. ಟ್ರ್ಯಾಕಿಗೆ ಮಾತ್ರ ಎರಡನೇ ಕಾರು ಕೇಳಿದ್ದರೆ ನಾನೂ ಎಸ್ಟೀಮ್ ಅನ್ನುತ್ತಿದ್ದೆ.

ಬಿಜಾಪುರ ಪೆಟ್ರೋಲ್ (ವಿಜಯಪುರ)

ನಾನು ಪೋಲೊ 1.0 ಟಿಎಸ್‌ಐ ಓಡಿಸುತ್ತೇನೆ, ಆರು ಗೇರಿನ ಮ್ಯಾನ್ಯುಯಲ್. 110 ಪಿಎಸ್, 175 ಎನ್‌ಎಂ. 2020ರಿಂದ 2022ರವರೆಗೆ ಮಾತ್ರ ಬಂದ ಕಾರು. ತಮ್ಮಾ, ನೀನು ಬರೆದಿರುವ ಜಿಟಿ ಟಿಎಸ್‌ಐ ಬೇರೆ. ಅದು 1.2 ಲೀಟರ್, 105 ಪಿಎಸ್, ಏಳು ಗೇರಿನ ಡಿಎಸ್‌ಜಿ, ಅಂದರೆ ಎರಡು ಕ್ಲಚ್ಚಿನ ಆಟೋಮ್ಯಾಟಿಕ್. ಆ ಗೇರ್‌ಬಾಕ್ಸ್ ಡಿಕ್ಯೂ200, ಡ್ರೈ ಕ್ಲಚ್, ತಂಪು ಮಾಡಲು ಆಯಿಲ್ ಇಲ್ಲ. ಖಾಲಿ ರಸ್ತೆಯಲ್ಲಿ ಅದರ ಗೇರ್ ಬದಲಾವಣೆ ನೋಡಿದರೆ ಮನಸೋಲಬೇಕು. ಆದರೆ ಟ್ರಾಫಿಕ್ಕಿನಲ್ಲಿ ತೆವಳುವಾಗ ಕ್ಲಚ್ ಬಿಸಿಯಾಗುತ್ತದೆ. ಗೇರ್ ಬದಲಿಸುವ ಮೆಕಾಟ್ರಾನಿಕ್ ಯುನಿಟ್ ಹೋದರೆ ದೊಡ್ಡ ಬಿಲ್ಲು. ಹತ್ತು ವರ್ಷ ಹಳೆಯ ಕಾರಿನಲ್ಲಿ ಆ ರಿಸ್ಕ್ ತಗೊಂಡು ಟ್ರ್ಯಾಕಿಗೂ ಹೋಗುವುದು ಬೇಡ ಅನ್ನಿಸುತ್ತದೆ. 1.0 ಮ್ಯಾನ್ಯುಯಲ್ ಒಳ್ಳೇದು, ನಿನ್ನ ಬಜೆಟ್ ಸ್ವಲ್ಪ ದಾಟುತ್ತದೆ.

ಕಾಕಾ ಹೇಳಿದ ಟರ್ಬೊ ಮಾತು ನಿಜ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ಟರ್ಬೊದ ಗಾಳಿ ತಣ್ಣಗಾಗಿಸುವ ಇಂಟರ್‌ಕೂಲರ್ ಬಿಸಿಯಾದರೆ ಎಂಜಿನ್ ತಾನಾಗಿಯೇ ಶಕ್ತಿ ಇಳಿಸಿಕೊಳ್ಳುತ್ತದೆ. ನಾನು ಟ್ರ್ಯಾಕಿನಲ್ಲಿ ಒಂದೊಂದು ಸಲಕ್ಕೆ ಕೆಲವೇ ಸುತ್ತು ಜೋರಾಗಿ ಹೋಗಿ, ಮಧ್ಯೆ ಒಂದು ಸುತ್ತು ನಿಧಾನ ಹೋಗುತ್ತೇನೆ. ಚಳಿಗಾಲದ ಟ್ರ್ಯಾಕ್ ಡೇ ಹುಡುಕು.

ಇನ್ನು ಎಲ್ಲರೂ ಮರೆಯುವ ವಿಷಯ ಇನ್ಶೂರೆನ್ಸ್. ನಮ್ಮ ಮಾಮೂಲಿ ಕಾರ್ ಪಾಲಿಸಿಯಲ್ಲಿ ರೇಸ್, ಸ್ಪೀಡ್ ಟೆಸ್ಟ್ ಇಂಥದ್ದಕ್ಕೆ ರಕ್ಷಣೆ ಇರುವುದಿಲ್ಲ. ಟ್ರ್ಯಾಕಿನಲ್ಲಿ ಗೋಡೆಗೆ ತಾಗಿಸಿದರೆ ಪೂರ್ತಿ ನಿನ್ನ ಜೇಬು. ಹಾಗಾಗಿ ನಾನು ಒಂದು ಪ್ರಶ್ನೆ ಕೇಳಿಕೊಂಡೇ ಕಾರು ಆರಿಸಿದ್ದು: ಇವತ್ತು ಇದು ಪುಡಿಯಾದರೆ ನಾಳೆ ಸಾಲ ಇಲ್ಲದೆ ಬದುಕಬಲ್ಲೆನಾ? ಸಾಲದ ಕಾರನ್ನು ದಯವಿಟ್ಟು ಟ್ರ್ಯಾಕಿಗೆ ಇಳಿಸಬೇಡ.

ಕೃಷ್ಣಾ ತೀರ (ಜಮಖಂಡಿ)

ಯಾವ ಕಾರು ಅನ್ನುವುದಕ್ಕಿಂತ ಯಾವ ಊರಲ್ಲಿ ನಿಂತಿದ್ದ ಕಾರು ಅನ್ನುವುದನ್ನೂ ನೋಡಿ. 2019ರ ಆಗಸ್ಟ್ ನೆರೆ ನೆನಪಿದೆಯಲ್ಲ. ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಉಕ್ಕಿ ಬಂದವು. ಬೆಳಗಾವಿ, ಬಾಗಲಕೋಟೆ ಜಿಲ್ಲೆ ಅಷ್ಟೇ ಅಲ್ಲ, ಅತ್ತ ಸಾಂಗಲಿ, ಕೊಲ್ಲಾಪುರವೂ ಮುಳುಗಿತು. 2021ರ ಜುಲೈಯಲ್ಲಿ ಮತ್ತೆ ನೀರು ಬಂತು. ಆಗ ನೀರಿನಲ್ಲಿ ನಿಂತ ಕಾರುಗಳು ತೊಳೆಸಿಕೊಂಡು, ಪಾಲಿಶ್ ಹಾಕಿಸಿಕೊಂಡು ಇವತ್ತಿಗೂ ಕೈ ಬದಲಾಗುತ್ತಿವೆ.

ನನ್ನ ತಂಗಿಯ ಗಂಡನ ಜೊತೆ ಒಂದು ಕಾರು ನೋಡಲು ಹೋಗಿದ್ದೆ. ಹೊಳೆಯುವ ಬಣ್ಣ, ಕಡಿಮೆ ಓಟ, ಡೀಲರ್ ಬಾಯಿ ತುಂಬಾ ಒಳ್ಳೇ ಮಾತು. ನಾನು ಸೀಟ್ ಬೆಲ್ಟನ್ನು ಪೂರ್ತಿ ಕೊನೆಯವರೆಗೆ ಎಳೆದೆ. ಕೊನೆಯ ಒಂದು ಗೇಣು ಕೆಂಪು ಮಣ್ಣಿನ ಬಣ್ಣ. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿದರೆ ತಳದಲ್ಲಿ ಒಣಗಿದ ರಾಡಿ. ಸೀಟಿನ ಬೋಲ್ಟಿಗೆ ತುಕ್ಕು. ಅಲ್ಲಿಂದಲೇ ವಾಪಸ್ ಬಂದೆವು.

ಬೆಲ್ಟ್ ಎಳೆಯಿರಿ, ಕಾರ್ಪೆಟ್ ಮೂಲೆ ಎತ್ತಿ ಮೂಸಿ, ಫ್ಯೂಸ್ ಬಾಕ್ಸ್ ತೆರೆದು ಹಸಿರು ತುಕ್ಕು ಇದೆಯಾ ನೋಡಿ. ಹೆಡ್‌ಲೈಟ್ ಒಳಗೆ ನೀರಿನ ಗೆರೆ ಇದೆಯಾ ನೋಡಿ. ಎಬಿಎಸ್ ಯುನಿಟ್ ನೀರು ಕುಡಿದಿದ್ದರೆ ಇವತ್ತು ಕೆಲಸ ಮಾಡಿ ಆರು ತಿಂಗಳಿಗೆ ಕೈಕೊಡುತ್ತದೆ. ಟ್ರ್ಯಾಕಿಗೆ ಹೋಗುವವರಿಗೆ ಅದು ಆಟದ ಮಾತಲ್ಲ.

ಗಡಿ ದಾಟಿದವ (ನಿಪ್ಪಾಣಿ)

ಬೆಳಗಾವಿಯವರು ಕಾರು ಹುಡುಕುವುದು ಕೊಲ್ಲಾಪುರ, ಪುಣೆ, ಗೋವಾದಲ್ಲಿ. ಅಲ್ಲಿ ಆಯ್ಕೆ ಜಾಸ್ತಿ, ಬೆಲೆಯೂ ಕಡಿಮೆ ಕಾಣುತ್ತದೆ. ಕಾಣುತ್ತದೆ ಅಷ್ಟೇ. ಎಂಎಚ್ ನಂಬರಿನ ಕಾರು ಇಲ್ಲೇ 12 ತಿಂಗಳಿಗಿಂತ ಜಾಸ್ತಿ ಇದ್ದರೆ ಮೋಟಾರು ವಾಹನ ಕಾಯ್ದೆಯ ಕಲಂ 47ರ ಪ್ರಕಾರ ಮರು ನೋಂದಣಿ ಆಗಬೇಕು. ಅಲ್ಲಿನ ಆರ್‌ಟಿಒದಿಂದ ಫಾರ್ಮ್ 28ರ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಇಲ್ಲಿ ಮತ್ತೆ ಲೈಫ್ ಟ್ಯಾಕ್ಸ್. ಕಾರಿನ ವಯಸ್ಸಿಗೆ ತಕ್ಕಂತೆ ಕಡಿಮೆಯಾದರೂ ಕರ್ನಾಟಕದ ಲೈಫ್ ಟ್ಯಾಕ್ಸ್ ಸಣ್ಣದಲ್ಲ. ಅಲ್ಲಿ ಕಟ್ಟಿದ್ದ ತೆರಿಗೆಯ ಉಳಿಕೆ ವಾಪಸ್ ಕೇಳಬಹುದು, ಆದರೆ ಅದಕ್ಕೆ ಓಡಾಟ ಇದೆ. ಹಳೇ ಮಾಲೀಕನ ಸಾಲ ತೀರಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಫಾರ್ಮ್ 35 ಕೈಗೆ ಬರುವವರೆಗೆ ದುಡ್ಡು ಪೂರ್ತಿ ಕೊಡಬೇಡಿ.

ಈ ಖರ್ಚು ಸೇರಿಸಿದ ಮೇಲೆ ಬೆಳಗಾವಿಯ ಕೆಎ22 ಕಾರಿನ ಜೊತೆ ಹೋಲಿಸಿ. ಎಷ್ಟೋ ಸಲ ನಮ್ಮೂರಿನದೇ ಅಗ್ಗ.

ತಿಲಕವಾಡಿ ತಮ್ಮ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಡಿಎಸ್‌ಜಿ ಪಟ್ಟಿಯಿಂದ ತೆಗೆದೆ. ಅಬಾರ್ಥ್ ಮೇಲಿನ ಆಸೆ ಇನ್ನೂ ಹೋಗಿಲ್ಲ, ಆದರೆ ಘಾಟ್ ದಾರಿ ಸರ್ ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ಈಗ ಎರಡು ಕಾರು ಕಣ್ಣಲ್ಲಿವೆ. ಒಂದು ಬೆಳಗಾವಿಯದೇ 2018ರ ಬಲೆನೊ ಆರ್‌ಎಸ್, ಒಬ್ಬರೇ ಮಾಲೀಕರು. ಇನ್ನೊಂದು ಹುಬ್ಬಳ್ಳಿಯ 2019ರ ಸ್ವಿಫ್ಟ್. ಕಾಕಾ, ಬಲೆನೊ ಆರ್‌ಎಸ್ ಬಗ್ಗೆ ನೀವು ಏನೂ ಹೇಳಲಿಲ್ಲ.

ಘಾಟ್ ದಾರಿ

ನಾನು ಹೇಳುತ್ತೇನೆ. 2017ರ ಮಾರ್ಚ್‌ನಲ್ಲಿ ಬಂದ ಕಾರು. 1.0 ಲೀಟರ್ ಬೂಸ್ಟರ್‌ಜೆಟ್ ಟರ್ಬೊ ಎಂಜಿನ್, ಮೂರು ಸಿಲಿಂಡರ್, 102 ಪಿಎಸ್, 150 ಎನ್‌ಎಂ. ಐದು ಗೇರಿನ ಮ್ಯಾನ್ಯುಯಲ್ ಮಾತ್ರ. ತೂಕ 950 ಕಿಲೋ. ಒಂದು ಟನ್ನಿಗೆ 107 ಪಿಎಸ್ ಬಿತ್ತು. ಅಬಾರ್ಥ್‌ಗೆ ಅದೇ ಲೆಕ್ಕ 121 ಆಸುಪಾಸು. 43 ಪಿಎಸ್ ಅಂತರ ಕಾಗದದ ಮೇಲೆ ದೊಡ್ಡದು, ಟನ್ನಿನ ಲೆಕ್ಕಕ್ಕೆ ಬಂದಾಗ ಎಷ್ಟು ಸಣ್ಣದಾಯಿತು ನೋಡಿ. ಹಿಂದಿನ ಚಕ್ರಕ್ಕೂ ಡಿಸ್ಕ್ ಬ್ರೇಕ್ ಕೊಟ್ಟಿದ್ದಾರೆ. ಮಾರುಕಟ್ಟೆಯಲ್ಲಿ ಜಾಸ್ತಿ ಓಡಲಿಲ್ಲ, ಹಾಗಾಗಿ ಹುಡುಕುವುದು ಕಷ್ಟ. ಊರಲ್ಲೇ ಸಿಕ್ಕಿದೆ ಅಂದರೆ ಬಿಡಬೇಡಿ.

ಒಂದು ಮುಖ್ಯ ವಿಷಯ. 2023ರ ಏಪ್ರಿಲ್‌ನಲ್ಲಿ ಮಾರುತಿ 7,213 ಬಲೆನೊ ಆರ್‌ಎಸ್ ಕಾರುಗಳನ್ನು ರೀಕಾಲ್ ಮಾಡಿತು, ಅಂದರೆ ದೋಷ ಸರಿಪಡಿಸಲು ವಾಪಸ್ ಕರೆಸಿತು. 27 ಅಕ್ಟೋಬರ್ 2016ರಿಂದ 1 ನವೆಂಬರ್ 2019ರ ನಡುವೆ ತಯಾರಾದವು. ಬ್ರೇಕಿಗೆ ನೆರವಾಗುವ ವ್ಯಾಕ್ಯೂಮ್ ಪಂಪಿನಲ್ಲಿ ದೋಷ ಇರಬಹುದು ಎಂದು. ಪಂಪ್ ಕೆಲಸ ಮಾಡದಿದ್ದರೆ ಪೆಡಲನ್ನು ತುಂಬಾ ಒತ್ತಿ ತುಳಿಯಬೇಕಾಗುತ್ತದೆ. ನೀವು ನೋಡುತ್ತಿರುವುದು 2018ರದ್ದು, ಅದೇ ಅವಧಿಗೆ ಬೀಳುತ್ತದೆ. ಚಾಸಿ ನಂಬರ್ ತಗೊಂಡು ಸರ್ವಿಸ್ ಸೆಂಟರ್‌ನಲ್ಲಿ ಆ ಕೆಲಸ ಆಗಿದೆಯಾ ಕೇಳಿ. ಆಗಿಲ್ಲದಿದ್ದರೆ ಮಾಡಿಸಿಕೊಂಡೇ ಟ್ರ್ಯಾಕಿನ ಮಾತು.

ಫೌಂಡ್ರಿ ಕಾಕಾ

ರೀಕಾಲ್ ಕೆಲಸ ಆಗಿದ್ದರೆ ಆರ್‌ಎಸ್‌ಗೆ ನನ್ನದೂ ಒಪ್ಪಿಗೆ. ಸ್ವಿಫ್ಟ್ ಹಿಂದೆ ಡ್ರಮ್ ಇದೆ, ಇದಕ್ಕೆ ಡಿಸ್ಕ್. ಚಕ್ರ ಬಿಚ್ಚಿಸಿ ಡಿಸ್ಕ್ ನೋಡು. ಅದರ ಅಂಚಿನಲ್ಲೋ ನಡುವಿನ ಭಾಗದಲ್ಲೋ ಕನಿಷ್ಠ ದಪ್ಪ ಎಷ್ಟು ಅಂತ ಅಚ್ಚು ಹಾಕಿರುತ್ತಾರೆ. ಮೈಕ್ರೋಮೀಟರ್‌ನಿಂದ ಅಳತೆ ತೆಗೆಸು, ಉದ್ಯಮಬಾಗದಲ್ಲಿ ಯಾವ ಶೆಡ್ಡಿಗೆ ಹೋದರೂ ಆಗುತ್ತದೆ. ಕೂದಲೆಳೆಯಂಥ ಬಿರುಕು ಅಂಚಿಗೆ ತಲುಪಿದ್ದರೆ ಆ ಡಿಸ್ಕ್ ಗುಜರಿಗೆ.

ಬ್ರೇಕ್ ಹಿಡಿದಾಗ ಸ್ಟೀರಿಂಗ್ ನಡುಗಿದರೆ ಡಿಸ್ಕ್ ಬೆಂಡ್ ಆಗಿದೆ ಎಂದು ಎಲ್ಲರೂ ಹೇಳುತ್ತಾರೆ. ಬಹಳ ಸಲ ಅದು ಬೆಂಡಲ್ಲ. ಪ್ಯಾಡಿನ ಮಾಲು ಡಿಸ್ಕಿನ ಮೇಲೆ ಅಲ್ಲಲ್ಲಿ ಹತ್ತಿಕೊಂಡಿರುತ್ತದೆ. ಕೆಂಪಗೆ ಕಾದ ಬ್ರೇಕನ್ನು ಒಂದೇ ಜಾಗದಲ್ಲಿ ಹಿಡಿದು ನಿಲ್ಲಿಸಿದರೆ ಹಾಗಾಗುತ್ತದೆ. ಅದಕ್ಕೆ ಕೊನೆಯ ಸುತ್ತನ್ನು ಬ್ರೇಕ್ ಮುಟ್ಟದೆ ನಿಧಾನ ಹೋಗಬೇಕು. ಬಂದು ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯಬಾರದು, ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಬೇಕು. ನಿನ್ನ ಕಾರಿಗೆ ಹಿಂದೆಯೂ ಡಿಸ್ಕ್ ಇರುವುದರಿಂದ ಇದನ್ನು ಮರೆಯಬೇಡ.

ಟೈರಿನ ಗೋಡೆ ಮೇಲೆ ನಾಲ್ಕು ಅಂಕಿ ಇರುತ್ತವೆ. 2318 ಅಂತಿದ್ದರೆ 2018ರ 23ನೇ ವಾರದ್ದು. ಹೊಸ ಕಾರಿನ ಜೊತೆ ಬಂದ ಟೈರೇ ಇನ್ನೂ ಇದ್ದರೆ ನಾಲ್ಕನ್ನೂ ಬದಲಿಸುವ ದುಡ್ಡು ಬೆಲೆಯಲ್ಲಿ ಕಡಿಮೆ ಮಾಡಿಸು. ಟ್ರೆಡ್ ಎಷ್ಟೇ ಉಳಿದಿರಲಿ, ರಬ್ಬರ್ ಗಟ್ಟಿಯಾಗಿರುತ್ತದೆ.

ತಿಲಕವಾಡಿ ತಮ್ಮ

ಕಾರು ನೋಡಿ ಬಂದೆ. ಚಾಸಿ ನಂಬರ್ ಕೊಟ್ಟು ಕೇಳಿದೆ, ಪಂಪ್ ಬದಲಾಗಿದೆ, ದಾಖಲೆ ಇದೆ. ಬೆಲ್ಟ್ ಪೂರ್ತಿ ಎಳೆದೆ, ಸ್ವಚ್ಛ. ಬಂಪರ್‌ಗೆ ಮತ್ತೆ ಬಣ್ಣ ಹೊಡೆದಿದ್ದಾರೆ, ಒಳಗಿನ ಲೋಹ ನೇರ ಇದೆ, ಬೋಲ್ಟುಗಳಿಗೆ ಪಾನಾ ತಾಗಿದ ಗುರುತು ಇಲ್ಲ. ಟೈರು ಮಾತ್ರ ಹಳೇದು. ಸ್ಟೇಜ್ ಒನ್ ಟ್ಯೂನಿಂಗ್ (ಎಂಜಿನ್ ಸಾಫ್ಟ್‌ವೇರ್ ಬದಲಿಸಿ ಶಕ್ತಿ ಹೆಚ್ಚಿಸುವುದು) ಮಾಡಿಸು ಅಂತ ಒಬ್ಬ ಗೆಳೆಯ ಹೇಳುತ್ತಿದ್ದಾನೆ. ಮಾಡಿಸಲಾ?

ಬಿಜಾಪುರ ಪೆಟ್ರೋಲ್

ಈಗ ಬೇಡ ತಮ್ಮಾ. ವಾಹನವನ್ನು ಆರ್‌ಸಿಯಲ್ಲಿ ಇರುವುದಕ್ಕಿಂತ ಬೇರೆ ಮಾಡಿದರೆ ಮೋಟಾರು ವಾಹನ ಕಾಯ್ದೆಯ ಕಲಂ 52ರ ತೊಂದರೆ ಬರಬಹುದು, ಇನ್ಶೂರೆನ್ಸ್‌ನವರೂ ತಕರಾರು ತೆಗೆಯಬಹುದು. ಅದಕ್ಕಿಂತ ಮುಖ್ಯ, ಇರುವ 102 ಪಿಎಸ್ ಪೂರ್ತಿ ಬಳಸಲು ಕಲಿ. ಆ ದುಡ್ಡನ್ನು ಟೈರಿಗೆ ಹಾಕು. ಪ್ಯಾಡ್, ಆಯಿಲ್ ಕೆಲಸ ಆಗಲಿ. ಒಳ್ಳೇ ಫುಲ್ ಫೇಸ್ ಹೆಲ್ಮೆಟ್ ತಗೋ.

ಘಾಟ್ ದಾರಿ

ಬಿಜಾಪುರದ ಅಕ್ಕಾರ ಮಾತಿಗೆ ಇನ್ನೊಂದು ಸೇರಿಸುತ್ತೇನೆ. ಕಾರು ಬಂದ ಖುಷಿಗೆ ಗೋವಾ ದಾರಿಯ ಚೋರ್ಲಾ ಘಾಟಿನಲ್ಲಿ ಜೋರು ತೋರಿಸಬೇಡಿ. ಆ ದಾರಿಯನ್ನು ನಾನು ಎಷ್ಟು ಪ್ರೀತಿಸುತ್ತೇನೋ ಅಷ್ಟೇ ಹೆದರುತ್ತೇನೆ. ತಿರುವಿನ ಆಚೆ ಬಸ್ಸು ಇರುತ್ತದೆ, ಮಳೆಗಾಲದಲ್ಲಿ ಮಂಜು, ರಸ್ತೆ ಮೇಲೆ ಮಣ್ಣು. ಕಬ್ಬಿನ ಸೀಸನ್‌ನಲ್ಲಿ ನಮ್ಮ ಕಡೆ ಯಾವ ರಸ್ತೆಯಲ್ಲೂ ಲೈಟ್ ಇಲ್ಲದ ಟ್ರ್ಯಾಕ್ಟರ್ ಟ್ರೈಲಿ ಸಿಗುತ್ತದೆ. ವೇಗ ಟ್ರ್ಯಾಕಿಗೆ ಇರಲಿ.

ಕೊಲ್ಲಾಪುರದಲ್ಲಿ ಮೋಹಿತೆ ರೇಸಿಂಗ್ ಅಕಾಡೆಮಿಯ ಗೋ-ಕಾರ್ಟ್ ಟ್ರ್ಯಾಕ್ ಇದೆ, ಬೆಳಗಾವಿಯಿಂದ ಹೈವೇ ಹಿಡಿದರೆ ಸುಮಾರು 110 ಕಿಲೋಮೀಟರ್. ಮೊದಲು ಅಲ್ಲಿ ಕಾರ್ಟ್ ಓಡಿಸಿ. ಯಾವ ಸಾಲಿನಲ್ಲಿ ತಿರುವಿಗೆ ಇಳಿಯಬೇಕು, ಎಲ್ಲಿ ಬ್ರೇಕ್ ಬಿಡಬೇಕು ಅನ್ನುವುದು ಅಲ್ಲಿ ಕಡಿಮೆ ಖರ್ಚಿನಲ್ಲಿ ಕಲಿಯಬಹುದು.

ತಿಲಕವಾಡಿ ತಮ್ಮ

ಅಡ್ವಾನ್ಸ್ ಕೊಟ್ಟೆ. ಟೈರಿನ ಲೆಕ್ಕ ಹೇಳಿದ್ದಕ್ಕೆ ಮಾಲೀಕರು ಬೆಲೆ ಇಳಿಸಿದರು. ಸಾಲ ಇಲ್ಲದ ಕಾರು, ಮಾಲೀಕತ್ವ ವರ್ಗಾವಣೆಯ ಫಾರ್ಮ್ 29, 30 ಸಹಿ ಆಯಿತು. ಕಾಕಾ, ಹೊಸ ಪ್ಯಾಡ್ ಹಾಕಿಸಿದ ಮೇಲೆ ನೇರ ಟ್ರ್ಯಾಕಿಗೆ ಹೋಗಬಹುದಾ?

ಫೌಂಡ್ರಿ ಕಾಕಾ

ಇಲ್ಲ. ಮೊದಲು ಪ್ಯಾಡ್ ಡಿಸ್ಕಿಗೆ ಕೂಡಬೇಕು. ಬೆಳಿಗ್ಗೆ ಬೇಗ, ಖಾಲಿ ರಸ್ತೆಯಲ್ಲಿ, ಹಿಂದೆ ಯಾರೂ ಇಲ್ಲದಾಗ ಮಧ್ಯಮ ವೇಗದಿಂದ ನಿಧಾನಕ್ಕೆ ಇಳಿಸು, ಮತ್ತೆ ವೇಗ ಹಿಡಿ, ಮತ್ತೆ ಇಳಿಸು. ಪೂರ್ತಿ ನಿಲ್ಲಿಸಬೇಡ. ಹೀಗೆ ಕೆಲವು ಸಲ ಆದ ಮೇಲೆ ಬ್ರೇಕ್ ಮುಟ್ಟದೆ ಗಾಳಿಗೆ ಆರಿಸು. ಎಷ್ಟು ವೇಗ, ಎಷ್ಟು ಸಲ ಎಂದು ಪ್ಯಾಡ್ ಡಬ್ಬಿಯ ಮೇಲೆ ಬರೆದಿದ್ದರೆ ಅದನ್ನೇ ಪಾಲಿಸು. ಆಯಿಲ್ ಬದಲಿಸುವಾಗ ನಾಲ್ಕೂ ಚಕ್ರದಿಂದ ಗಾಳಿ ತೆಗೆಸು, ಮೇಸ್ತ್ರಿ ಎರಡಕ್ಕೇ ಮುಗಿಸದಂತೆ ಪಕ್ಕದಲ್ಲೇ ನಿಂತಿರು. ಕಾರು ಮನೆಗೆ ಬಂದ ಮೇಲೆ ಒಂದು ಸಲ ಉದ್ಯಮಬಾಗಕ್ಕೆ ತಗೊಂಡು ಬಾ, ಡಿಸ್ಕ್ ನಾನೇ ಅಳತೆ ಮಾಡಿ ಕೊಡುತ್ತೇನೆ.